ಅಂಗಡಿ ಮನೆಯಾದಾಗ ಕೇಳದೆ ಬಿಟ್ಟ ಪ್ರಶ್ನೆ



ಮಗಳ ಮನೆಯಿಂದ ಹಿಂತಿರುಗಿದ ಮೇಲೆ ಇಂಗ್ಲೆಂಡಿನ ವಿಚಾರವಾಗಿ ಏನಾದರೂ ಬರೆಯಬೇಕೆಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಅಲ್ಲಿನ ಅರಮನೆ, ಸೇತುವೆ, ವಸ್ತುಸಂಗ್ರಹಾಲಯಗಳನ್ನು ಕುರಿತು ನನಗಿಂತ ಚೆನ್ನಾಗಿ ಬರೆದವರು ಬಹಳ ಮಂದಿ ಇದ್ದಾರೆ. ನಾನು ಬರೆಯಹೊರಟಿರುವುದು ಹಿಂದೆ ಅಂಗಡಿಯಾಗಿದ್ದು ಈಗ ಮನೆಯಾಗಿರುವ ಒಂದು ಕಟ್ಟಡದ ವಿಚಾರ, ಮತ್ತು ಅದನ್ನು ಮನೆಯಾಗಿಸಿದ ಕಾನೂನಿನ ಚರಿತ್ರೆ. ವಿಷಯ ಒಣ ಎಂದು ತೋರಬಹುದು. ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಕೋರುತ್ತೇನೆ.

ಆ ಮನೆಯಲ್ಲಿ ಬಾಡಿಗೆಗಿರುವವನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ. ಹೆಸರನ್ನೂ ಊರನ್ನೂ ಹೇಳುವುದಿಲ್ಲ. ನಾನು ಅಲ್ಲಿಗೆ ಬಂದಿರುವುದು ಯಾರಿಂದಲೋ ತಿಳಿದು, "ಸಾರ್, ಒಂದು ಭಾನುವಾರ ನಮ್ಮನೆಗೆ ಊಟಕ್ಕೆ ಬರಲೇಬೇಕು" ಎಂದು ದೂರವಾಣಿಯಲ್ಲಿ ಒತ್ತಾಯಿಸಿದ. ಹೋದೆ. ಬೀದಿಗೆ ತಾಗಿಕೊಂಡಿದ್ದ ಆ ಕಟ್ಟಡದ ಮುಂಭಾಗದಲ್ಲಿ ಅಂಗಡಿಯ ದೊಡ್ಡ ಗಾಜು ಹಾಗೆಯೇ ಉಳಿದಿತ್ತು. ದಾರಿಹೋಕರು ಗಾಜಿನಿಂದ ಎರಡು ಗೇಣು ದೂರದಲ್ಲಿ ನಡೆದುಹೋಗುವುದರಿಂದ, ಒಳಗಿನದು ಕಾಣದಂತೆ ಅದಕ್ಕೆ ಬಿಳಿಯ ಹಾಳೆಯೊಂದನ್ನು ಅಂಟಿಸಿದ್ದರು. ಅಲ್ಲಿ ಕುಳಿತುಕೊಳ್ಳುವ ಕೋಣೆ, ಅದರ ಹಿಂದೆ ಅಡುಗೆಮನೆ, ಅದಕ್ಕೂ ಹಿಂದೆ ಒಂದು ಕಾಲದಲ್ಲಿ ಅಂಗಡಿಯ ಸಾಮಾನು ತುಂಬಿಡುತ್ತಿದ್ದ ಕೋಣೆ. ಆ ಉಗ್ರಾಣವೇ ಈಗ ಅವನ ಏಳು ವರ್ಷದ ಮಗಳ ಕೋಣೆ.

ಆ ಮಗು ವಿದ್ಯುದ್ದೀಪದ ಕೆಳಗೆ ಕುಳಿತು ಚಿತ್ರಕ್ಕೆ ಬಣ್ಣ ತುಂಬುತ್ತಿತ್ತು. ನನ್ನನ್ನು ಕಂಡು ನಕ್ಕು, "ಅಜ್ಜಾ, ಹೊರಗೆ ಮಳೆ ಬರ್ತಾ ಇದೆಯಾ?" ಎಂದು ಕೇಳಿತು. ಆಟಕ್ಕೆ ಕೇಳುತ್ತಿದೆ ಎಂದುಕೊಂಡೆ. ತಾಯಿ ಸಂಕೋಚದಿಂದ, "ಆ ರೂಮಿಗೆ ಕಿಟಕಿ ಇಲ್ಲ ಸಾರ್. ಯಾರು ಬಂದರೂ ಅವಳು ಮೊದಲು ಕೇಳೋದು ಅದನ್ನೇ" ಎಂದರು. ಆಗ ಸುತ್ತಲೂ ನೋಡಿದೆ. ನಾಲ್ಕು ಕಡೆಯೂ ಗೋಡೆ. ಚಾವಣಿಯಲ್ಲಿ ಗಾಳಿ ಎಳೆಯುವ ಒಂದು ಸಣ್ಣ ಯಂತ್ರ ಗುಂಯ್‌ಗುಡುತ್ತಿತ್ತು.

ಊಟವಾದ ಮೇಲೆ, "ಇದಕ್ಕೆ ಅನುಮತಿ ಕೊಟ್ಟವರು ಯಾರಪ್ಪಾ?" ಎಂದು ಕೇಳಿದೆ. "ಪೂರ್ತಿ ಅನುಮತಿ ಬೇಕಾಗಿಯೇ ಇರಲಿಲ್ಲ ಸಾರ್. 2016ರಲ್ಲಿ ಮಾಡಿದ್ದು. ಆಗಿನ ಕಾನೂನಿನ ಪ್ರಕಾರ ಎಲ್ಲ ಸರಿಯಾಗೇ ಇದೆ" ಎಂದ. ಆ ಉತ್ತರ ನನ್ನ ಮನಸ್ಸಿನಲ್ಲಿ ಕುಳಿತುಬಿಟ್ಟಿತು. ಕೈಗಾರಿಕಾ ಕ್ರಾಂತಿಯ ಪಾಠ ಮಾಡುವಾಗಲೆಲ್ಲ, ಗಾಳಿಬೆಳಕಿಲ್ಲದ ಮನೆಗಳ ವಿರುದ್ಧ ಮೊಟ್ಟಮೊದಲು ಕಾನೂನು ಮಾಡಿದ ದೇಶಗಳಲ್ಲಿ ಇಂಗ್ಲೆಂಡ್ ಒಂದು ಎಂದು ನಿಮಗೆಲ್ಲ ಹೇಳಿಕೊಟ್ಟವನು ನಾನು. ಅಂಥ ದೇಶದಲ್ಲಿ, ಇಪ್ಪತ್ತೊಂದನೆಯ ಶತಮಾನದಲ್ಲಿ, ಕಿಟಕಿಯಿಲ್ಲದ ಕೋಣೆ ಕಾನೂನುಬದ್ಧವಾದದ್ದು ಹೇಗೆ? ಉಳಿದ ದಿನಗಳಲ್ಲಿ ಮಗಳ ಊರಿನ ಗ್ರಂಥಾಲಯದಲ್ಲಿ ಕುಳಿತು ಓದಿ ತಿಳಿದುಕೊಂಡದ್ದನ್ನು ಇಲ್ಲಿ ಕ್ರಮವಾಗಿ ನಿರೂಪಿಸುತ್ತೇನೆ.

ಮೊದಲಿಗೆ ಒಂದು ಮಾತು. ಅಂಗಡಿಯೂ ಮನೆಯೂ ಬೇರೆಬೇರೆ ಎಂಬ ಭಾವನೆಯೇ ಈಚಿನದು. ನಮ್ಮ ಪೇಟೆಬೀದಿಗಳಲ್ಲಿ ಮುಂದೆ ಜಗಲಿಯ ಮೇಲೆ ಅಂಗಡಿ, ಹಿಂದೆ ನಡುಮನೆ, ಅದರ ಹಿಂದೆ ಹಿತ್ತಿಲು ಇದ್ದುದನ್ನು ನಿಮ್ಮಲ್ಲಿ ಹಿರಿಯರು ನೋಡಿಯೇ ಇದ್ದೀರಿ. ಇಂಗ್ಲೆಂಡಿನಲ್ಲಿಯೂ ಹೀಗೆಯೇ ಇತ್ತು, ಅಲ್ಲಿ ಮನೆ ಹಿಂದಿರುವುದಕ್ಕಿಂತ ಹೆಚ್ಚಾಗಿ ಮೇಲಿರುತ್ತಿತ್ತು. ಚೆಸ್ಟರ್ ನಗರದಲ್ಲಿ ಹದಿಮೂರನೆಯ ಶತಮಾನದಷ್ಟು ಹಿಂದಿನಿಂದ ಬೆಳೆದುಬಂದಿರುವ 'ರೋಸ್' ಎಂಬ ಸಾಲುಕಟ್ಟಡಗಳಲ್ಲಿ ಕೆಳಗೆ ವ್ಯಾಪಾರ, ಮೇಲೆ ವಾಸ ಎಂಬ ವ್ಯವಸ್ಥೆಯಿತ್ತು. ಈ ಪದ್ಧತಿ ಇಪ್ಪತ್ತನೆಯ ಶತಮಾನದವರೆಗೂ ಸಾಗಿತು. 1925ರಲ್ಲಿ ಜನಿಸಿ ಮುಂದೆ ಪ್ರಧಾನಿಯಾದ ಮಾರ್ಗರೆಟ್ ಥ್ಯಾಚರ್ ಬೆಳೆದದ್ದು ಗ್ರಾಂಥಮ್ ಪಟ್ಟಣದಲ್ಲಿ, ತಂದೆಯ ದಿನಸಿ ಅಂಗಡಿಯ ಮಹಡಿಯ ಮೇಲೆ. ವ್ಯಾಪಾರಿಯ ಸಂಸಾರವೇ ಅಲ್ಲಿ ವಾಸವಾಗಿರುತ್ತಿದ್ದುದರಿಂದ ಅಂಗಡಿಯನ್ನು ಮನೆಯಾಗಿಸಲು ಪ್ರತ್ಯೇಕ ಕಾನೂನಿನ ಅಗತ್ಯ ಬರಲಿಲ್ಲ.

ಬೆಳಕಿನ ಕಥೆ ಬೇರೆ. 1696ರಲ್ಲಿ ಆ ದೇಶದ ಸರ್ಕಾರ ಮನೆಯ ಕಿಟಕಿಗಳನ್ನು ಎಣಿಸಿ ತೆರಿಗೆ ಹಾಕಲು ತೊಡಗಿತು. ತೆರಿಗೆ ತಪ್ಪಿಸಿಕೊಳ್ಳಲು ಜನ ಕಿಟಕಿಗಳನ್ನು ಇಟ್ಟಿಗೆಯಿಂದ ಮುಚ್ಚಿಸಿದರು. ಹೀಗೆ ಮುಚ್ಚಿದ ಕಿಟಕಿಗಳನ್ನು ಹಳೆಯ ಕಟ್ಟಡಗಳಲ್ಲಿ ಇಂದಿಗೂ ಕಾಣಬಹುದು. ಕಾರ್ಖಾನೆಗಳ ನಗರಗಳು ಬೆಳೆದಂತೆ, ಬೆನ್ನಿಗೆ ಬೆನ್ನು ತಾಗಿಸಿ ಕಟ್ಟಿದ, ಮೂರು ಕಡೆ ಕಿಟಕಿಯೇ ಇಲ್ಲದ ಕಾರ್ಮಿಕರ ಮನೆಗಳು ಸಾವಿರಾರು ಸಂಖ್ಯೆಯಲ್ಲಿ ಎದ್ದವು. ಕಾಲರಾ ಮತ್ತೆ ಮತ್ತೆ ಬಂದಿತು. ವೈದ್ಯರೂ ಸುಧಾರಕರೂ ದನಿಯೆತ್ತಿದ ಮೇಲೆ 1851ರಲ್ಲಿ ಕಿಟಕಿ ತೆರಿಗೆ ರದ್ದಾಯಿತು. 1875ರ ಸಾರ್ವಜನಿಕ ಆರೋಗ್ಯ ಕಾಯಿದೆಯ ಅಡಿಯಲ್ಲಿ ಬೀದಿಯ ಅಗಲ, ಮನೆಯ ಹಿಂದಿನ ತೆರವು, ಗಾಳಿಯ ಓಡಾಟ ಇವುಗಳಿಗೆ ಸ್ಥಳೀಯ ಉಪನಿಯಮಗಳು ಬಂದವು. 1909ರಲ್ಲಿ 'ವಸತಿ ಮತ್ತು ಪಟ್ಟಣ ಯೋಜನೆ' ಎಂಬ ಮಾತುಗಳನ್ನು ಹೆಸರಿನಲ್ಲಿಯೇ ಹೊತ್ತ ಕಾಯಿದೆ ಬಂದು, ಬೆನ್ನಿಗೆ ಬೆನ್ನು ತಾಗಿದ ಹೊಸ ಮನೆಗಳನ್ನು ನಿಷೇಧಿಸಿತು. ಆದರೂ ಅದಕ್ಕೆ ಮೊದಲೇ ಒಪ್ಪಿಗೆ ಪಡೆದಿದ್ದ ಬೀದಿಗಳಿಗೆ ಅದು ಅನ್ವಯಿಸಲಿಲ್ಲ. ಲೀಡ್ಸ್ ನಗರದಲ್ಲಿ ಅಂಥ ಮನೆಗಳನ್ನು 1937ರವರೆಗೂ ಕಟ್ಟುತ್ತಲೇ ಇದ್ದರು. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗಾಳಿಬೆಳಕಿನ ಈ ಪಾಠವನ್ನು ನಮ್ಮ ನಾಡೂ ಕಲಿತದ್ದು ರೋಗದಿಂದಲೇ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಇಕ್ಕಟ್ಟಾದ ಪೇಟೆಯ ಬೀದಿಗಳು ತತ್ತರಿಸಿದವು. ಆ ಬಳಿಕ ಅಗಲವಾದ ರಸ್ತೆಗಳಿಂದ, ಮನೆಗಳ ನಡುವೆ ಗಾಳಿಯಾಡುವ ಅವಕಾಶದಿಂದ ರೂಪುಗೊಂಡ ಬಡಾವಣೆಗಳೇ ಮಲ್ಲೇಶ್ವರ ಮತ್ತು ಬಸವನಗುಡಿ. ಮನೆ ಹೇಗಿರಬೇಕೆಂಬ ಪ್ರಶ್ನೆ ಕೇವಲ ಮಾಲೀಕನದಲ್ಲ, ಸಮಾಜದ್ದೂ ಹೌದು ಎಂಬ ತಿಳಿವಳಿಕೆ ಎರಡು ಕಡೆಯೂ ಹೀಗೆ ಬೆಲೆ ತೆತ್ತು ಬಂದದ್ದು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಎರಡನೆಯ ಮಹಾಯುದ್ಧದ ನಂತರ, 1947ರಲ್ಲಿ, ಸಚಿವ ಲೂಯಿಸ್ ಸಿಲ್ಕಿನ್ ಅವರ ಕಾಲದಲ್ಲಿ ಪಟ್ಟಣ ಮತ್ತು ಗ್ರಾಮ ಯೋಜನಾ ಕಾಯಿದೆ ಅಂಗೀಕಾರವಾಗಿ 1948ರ ಜುಲೈ 1ರಿಂದ ಜಾರಿಗೆ ಬಂದಿತು. ಇದರ ಮೂಲತತ್ತ್ವ ಸರಳ. ಭೂಮಿ ಯಾರದೇ ಇರಲಿ, ಅದರ ಮೇಲೆ ಹೊಸದಾಗಿ ಕಟ್ಟುವ ಹಕ್ಕು ಮಾಲೀಕನಿಗೆ ತಾನಾಗಿ ಬರುವುದಿಲ್ಲ, ಸ್ಥಳೀಯ ಆಡಳಿತದ ಅನುಮತಿ ಬೇಕು. ಕಟ್ಟುವುದಕ್ಕೆ ಮಾತ್ರವಲ್ಲ, ಇರುವ ಕಟ್ಟಡದ ಬಳಕೆಯನ್ನು ಗಣನೀಯವಾಗಿ ಬದಲಾಯಿಸುವುದಕ್ಕೂ ಅನುಮತಿ ಬೇಕು. ಒಂದು ಇಟ್ಟಿಗೆಯನ್ನೂ ಕದಲಿಸದೆ ಅಂಗಡಿಯಲ್ಲಿ ಹಾಸಿಗೆ ಹಾಸಿ ಸಂಸಾರ ಹೂಡಿದರೂ ಅದು ಕಾನೂನಿನ ದೃಷ್ಟಿಯಲ್ಲಿ 'ಅಭಿವೃದ್ಧಿ'ಯೇ.

ಪ್ರತಿಯೊಂದು ಸಣ್ಣ ಬದಲಾವಣೆಗೂ ಅರ್ಜಿ ಹಾಕಬೇಕಾದರೆ ಕಚೇರಿಗಳು ತುಂಬಿಹೋಗುತ್ತವೆ. ಅದಕ್ಕಾಗಿ 1948ರಲ್ಲಿಯೇ ಎರಡು ಉಪಾಯಗಳನ್ನು ಮಾಡಿದರು. ಮೊದಲನೆಯದು ಬಳಕೆಯ ವರ್ಗಗಳು: ಒಂದೇ ವರ್ಗದೊಳಗಿನ ಬದಲಾವಣೆಗೆ ಅನುಮತಿ ಬೇಡ. 1987ರ ಪಟ್ಟಿಯಂತೆ ಸಾಮಾನ್ಯ ಅಂಗಡಿ ಎ1, ಬ್ಯಾಂಕಿನಂಥ ಹಣಕಾಸಿನ ಕಚೇರಿ ಎ2, ಉಪಾಹಾರಗೃಹ ಎ3, ವಾಸದ ಮನೆ ಸಿ3. ಬಟ್ಟೆ ಅಂಗಡಿ ಪುಸ್ತಕದ ಅಂಗಡಿಯಾದರೆ ಯಾರೂ ಕೇಳುವುದಿಲ್ಲ, ಎರಡೂ ಒಂದೇ ತರಗತಿಯ ಮಕ್ಕಳು. ಎರಡನೆಯದು, ಸಂಸತ್ತಿನ ಆದೇಶದ ಮೂಲಕವೇ ಮುಂಚಿತವಾಗಿ ಕೊಟ್ಟುಬಿಟ್ಟ ಅನುಮತಿ. ಅಲ್ಲಿನವರು ಇದನ್ನು 'ಪರ್ಮಿಟೆಡ್ ಡೆವಲಪ್‌ಮೆಂಟ್' ಎನ್ನುತ್ತಾರೆ. ನಾವು 'ಮುಂಗಡ ಅನುಮತಿ' ಎನ್ನೋಣ. ಮನೆಯ ಹಿಂದೆ ಸಣ್ಣದೊಂದು ಕೊಠಡಿ ಕಟ್ಟುವಂಥ ಚಿಕ್ಕಪುಟ್ಟ ಕೆಲಸಗಳಿಗೆ ಇದು ಅನುಕೂಲವಾಗಿತ್ತು.

ಅಂಗಡಿ ಮನೆಯಾಗಬೇಕಾದರೆ ಮಾತ್ರ ಆರು ದಶಕಗಳಿಗೂ ಹೆಚ್ಚು ಕಾಲ ಪೂರ್ಣ ಅರ್ಜಿಯೇ ಬೇಕಾಗಿತ್ತು. ಕೌನ್ಸಿಲ್ಲಿನ ಅಧಿಕಾರಿ ನಕ್ಷೆ ನೋಡುತ್ತಿದ್ದರು, ನೆರೆಹೊರೆಯವರು ಆಕ್ಷೇಪಣೆ ಹೇಳಬಹುದಿತ್ತು, ಕೋಣೆ ಚಿಕ್ಕದು ಅಥವಾ ಕತ್ತಲು ಎಂದು ತೋರಿದರೆ ತಿರಸ್ಕರಿಸಬಹುದಿತ್ತು. 1995ರಲ್ಲಿ ಒಂದು ಸಣ್ಣ ಸಡಿಲಿಕೆ ಬಂತು. ಕೆಳಗೆ ಅಂಗಡಿಯನ್ನು ಉಳಿಸಿಕೊಂಡು ಮೇಲೆ ಒಂದು ಮನೆ ಮಾಡಿಕೊಳ್ಳಲು ಅನುಮತಿ ಬೇಡವೆಂದರು. 2012ರಲ್ಲಿ ಅದು ಎರಡು ಮನೆಗಳಿಗೆ ವಿಸ್ತರಿಸಿತು. ಹಳೆಯ ಪದ್ಧತಿಯೇ ಕಾನೂನಿನ ಹೊಸ ಉಡುಪು ತೊಟ್ಟು ಮರಳಿ ಬಂದಂತಾಯಿತು.

ಮನೆಯ ಗಾತ್ರದ ಕಥೆಯನ್ನೂ ಇಲ್ಲಿ ಸೇರಿಸಬೇಕು. 1961ರಲ್ಲಿ ಪಾರ್ಕರ್ ಮಾರಿಸ್ ಸಮಿತಿ ಮನೆಗಳ ಕನಿಷ್ಠ ಅಳತೆಯ ಬಗ್ಗೆ ವರದಿ ಕೊಟ್ಟಿತು. ಅದರ ಅಳತೆಗಳು 1967ರಲ್ಲಿ ಹೊಸ ಪಟ್ಟಣಗಳ ವಸತಿಗೂ 1969ರಲ್ಲಿ ಎಲ್ಲ ಸರ್ಕಾರಿ ವಸತಿಗೂ ಕಡ್ಡಾಯವಾದವು. ಖಾಸಗಿಯವರು ಕಟ್ಟುವ ಮನೆಗಳಿಗೆ ಎಂದೂ ಕಡ್ಡಾಯವಾಗಲಿಲ್ಲ. 1980ರಲ್ಲಿ, ಅಂಗಡಿಯ ಮಹಡಿಯಲ್ಲಿ ಬೆಳೆದ ಪ್ರಧಾನಿಯ ಸರ್ಕಾರದ ಕಾಲದಲ್ಲಿ, ಸರ್ಕಾರಿ ವಸತಿಗೂ ಆ ಕಡ್ಡಾಯ ಹೋಯಿತು.

ಈಗ ಕಾಲ ಬದಲಾದ ಬಗೆಯನ್ನು ನೋಡಿ. ಊರ ಹೊರಗಿನ ದೊಡ್ಡ ಮಳಿಗೆಗಳೂ ಅಂತರ್ಜಾಲದ ವ್ಯಾಪಾರವೂ ಬೆಳೆದು ಇಂಗ್ಲೆಂಡಿನ ಪೇಟೆಬೀದಿಗಳು ಸೊರಗತೊಡಗಿದವು. 2008ರ ಆರ್ಥಿಕ ಕುಸಿತ ಕೊನೆಯ ಪೆಟ್ಟು ಕೊಟ್ಟಿತು. ಸುಮಾರು ಒಂದು ಶತಮಾನ ಜನಜೀವನದ ಭಾಗವಾಗಿದ್ದ ವೂಲ್‌ವರ್ತ್ಸ್ ಸಂಸ್ಥೆಯ 807 ಅಂಗಡಿಗಳು ಕೆಲವೇ ವಾರಗಳಲ್ಲಿ ಮುಚ್ಚಿದವು. ಕೊನೆಯವು ಬಾಗಿಲು ಹಾಕಿದ್ದು 2009ರ ಜನವರಿ 6ರಂದು. 2011ರ ಡಿಸೆಂಬರಿನಲ್ಲಿ ಮೇರಿ ಪೋರ್ಟಸ್ ಅವರು ಪೇಟೆಬೀದಿಗಳ ಸ್ಥಿತಿಯ ಬಗ್ಗೆ ಸರ್ಕಾರಕ್ಕೆ ವರದಿ ಸಲ್ಲಿಸಿದರು. ಒಂದು ಕಡೆ ಮುಚ್ಚಿದ ಅಂಗಡಿಗಳು, ಇನ್ನೊಂದು ಕಡೆ ಮನೆಗಳ ತೀವ್ರ ಕೊರತೆ. ಖಾಲಿ ಅಂಗಡಿಯನ್ನೇ ಮನೆ ಮಾಡಿದರೆ ಎರಡೂ ಸಮಸ್ಯೆ ತೀರುತ್ತದಲ್ಲವೇ ಎಂಬ ಯೋಚನೆ ಸಹಜವಾದದ್ದು, ಒಳ್ಳೆಯದೂ ಹೌದು. ಅದನ್ನು ಜಾರಿಗೆ ತಂದ ರೀತಿಯಲ್ಲಿ ಮಾತ್ರ ಒಂದು ದೊಡ್ಡ ಲೋಪ ಉಳಿಯಿತು.

2013ರ ಮೇ 30ರಿಂದ ಕಚೇರಿಗಳನ್ನು ಮನೆಯಾಗಿಸಲು ಮುಂಗಡ ಅನುಮತಿ ದೊರೆಯಿತು. 2014ರ ಏಪ್ರಿಲ್ 6ರಿಂದ ಆ ಅವಕಾಶ ಅಂಗಡಿಗಳಿಗೂ ಬಂದಿತು. 150 ಚದರ ಮೀಟರಿನವರೆಗಿನ, ಅಂದರೆ ಸುಮಾರು 1,600 ಚದರ ಅಡಿಯ ಅಂಗಡಿಯ ಜಾಗವನ್ನು ಪೂರ್ಣ ಅರ್ಜಿಯಿಲ್ಲದೆ ಮನೆಯಾಗಿಸಬಹುದು ಎಂದಾಯಿತು. 2015ರ ಏಪ್ರಿಲಿನಲ್ಲಿ ಈ ಎಲ್ಲ ಆದೇಶಗಳನ್ನು ಒಟ್ಟುಗೂಡಿಸಿ ಪುನಃ ಹೊರಡಿಸಿದರು. ನನ್ನ ಶಿಷ್ಯನ ಮನೆ ಹುಟ್ಟಿದ್ದು ಈ ಆದೇಶದ ಅಡಿಯಲ್ಲಿ.

ಅನುಮತಿ ಬೇಡವೆಂದರೂ 'ಪೂರ್ವಾನುಮೋದನೆ' ಎಂಬ ಒಂದು ಸಣ್ಣ ಪರೀಕ್ಷೆ ಇತ್ತು. ಮಾಲೀಕ ಕೌನ್ಸಿಲ್ಲಿಗೆ ತಿಳಿಸಬೇಕು. ಕೌನ್ಸಿಲ್ಲು ಆದೇಶದಲ್ಲಿ ಪಟ್ಟಿ ಮಾಡಿದ ವಿಷಯಗಳನ್ನು ಮಾತ್ರ ನೋಡಬೇಕು. ಸಂಚಾರಕ್ಕೆ ತೊಂದರೆಯಾದೀತೇ? ನೆಲದಲ್ಲಿ ವಿಷಪದಾರ್ಥಗಳಿವೆಯೇ? ನೆರೆ ಬರುವ ಜಾಗವೇ? ಈ ಅಂಗಡಿ ಹೋದರೆ ಬೀದಿಯ ವ್ಯಾಪಾರಕ್ಕೆ ಧಕ್ಕೆಯೇ? ಕಟ್ಟಡದ ಹೊರನೋಟ ಹೇಗಿರುತ್ತದೆ? ಕೌನ್ಸಿಲ್ಲು 56 ದಿನಗಳೊಳಗೆ ಉತ್ತರ ಕೊಡದಿದ್ದರೆ ಮಾಲೀಕ ಕೆಲಸ ಪ್ರಾರಂಭಿಸಬಹುದಿತ್ತು.

ನಾನು ಮೂವತ್ತು ವರ್ಷ ಪ್ರಶ್ನೆಪತ್ರಿಕೆ ಬರೆದವನು. ಪತ್ರಿಕೆಯಲ್ಲಿ ಬಾರದ ಪಾಠವನ್ನು ಯಾರೂ ಓದುವುದಿಲ್ಲ ಎಂಬುದು ನನಗೂ ಗೊತ್ತು, ನಿಮಗೂ ಗೊತ್ತು. ಮೇಲಿನ ಪ್ರಶ್ನೆಗಳನ್ನು ಮತ್ತೊಮ್ಮೆ ಓದಿ ನೋಡಿ. ರಸ್ತೆಯ ಬಗ್ಗೆ ಇದೆ, ನೆಲದ ಬಗ್ಗೆ, ನೀರಿನ ಬಗ್ಗೆ, ವ್ಯಾಪಾರದ ಬಗ್ಗೆ ಇದೆ. ಒಳಗೆ ವಾಸಿಸುವ ಮನುಷ್ಯನ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಕೋಣೆ ಎಷ್ಟು ದೊಡ್ಡದು, ಕಿಟಕಿ ಇದೆಯೇ ಎಂದು ಕೇಳುವ ಅಧಿಕಾರವೇ ಕೌನ್ಸಿಲ್ಲಿಗೆ ಇರಲಿಲ್ಲ. ಕಟ್ಟಡ ನಿಯಮಗಳು ಬೇರೆಯೇ ಇದ್ದವು. ಅವು ಬೆಂಕಿಯಿಂದ ಪಾರಾಗುವ ದಾರಿಯನ್ನೂ ಗಾಳಿಯ ಸಂಚಾರವನ್ನೂ ನೋಡುತ್ತಿದ್ದವು. ಗಾಳಿಯನ್ನು ಯಂತ್ರದಿಂದ ಒದಗಿಸಿದರೂ ನಡೆಯುತ್ತಿತ್ತು. ಹಗಲಿನ ಬೆಳಕಿಗಾಗಿ ಕಿಟಕಿ ಇರಲೇಬೇಕು ಎಂಬ ಮಾತು ಅವುಗಳಲ್ಲಿಯೂ ಇರಲಿಲ್ಲ.

ಪರಿಣಾಮ ಬಹುಬೇಗ ಕಾಣಿಸಿತು. ಹಾರ್ಲೊ ಎಂಬುದು 1947ರಲ್ಲಿಯೇ ಘೋಷಿತವಾದ ಹೊಸ ಪಟ್ಟಣ, ಲಂಡನ್ನಿನ ಇಕ್ಕಟ್ಟಿನಿಂದ ಬಂದ ಸಂಸಾರಗಳಿಗೆ ಗಾಳಿಬೆಳಕಿನ ಮನೆ ಕೊಡಲೆಂದು ಕಟ್ಟಿದ್ದು. ಅದೇ ಊರಿನ ಟರ್ಮಿನಸ್ ಹೌಸ್ ಎಂಬ 14 ಅಂತಸ್ತಿನ ಕಚೇರಿ ಕಟ್ಟಡವನ್ನು 2018ರ ವೇಳೆಗೆ 200ಕ್ಕೂ ಹೆಚ್ಚು ಮನೆಗಳಾಗಿ ವಿಂಗಡಿಸಿದರು. ಅವುಗಳಲ್ಲಿ ಅತಿ ಚಿಕ್ಕವು 18 ಚದರ ಮೀಟರ್, ಸುಮಾರು 190 ಚದರ ಅಡಿ. 2019ರಲ್ಲಿ ವಾಟ್‌ಫರ್ಡ್ ಪಟ್ಟಣದಲ್ಲಿ ಸಣ್ಣ ಕೈಗಾರಿಕೆಯ ಕಟ್ಟಡವೊಂದನ್ನು 15 ಮನೆಗಳಾಗಿಸುವ ಯೋಜನೆ ಬಂದಿತು. ಅವುಗಳಲ್ಲಿ ಏಳಕ್ಕೆ ಕಿಟಕಿಯೇ ಇರಲಿಲ್ಲ. ಕೌನ್ಸಿಲ್ಲು ನಿರಾಕರಿಸಿತು. ಮೇಲ್ಮನವಿಯನ್ನು ಕೇಳಿದ ಯೋಜನಾ ಪರಿವೀಕ್ಷಕರು ಅಲ್ಲಿನ ವಾಸ ಹಿತಕರವಲ್ಲವೆಂದು ಒಪ್ಪಿಕೊಂಡೂ ಯೋಜನೆಗೆ ಒಪ್ಪಿಗೆ ಕೊಡಬೇಕಾಯಿತು, ಏಕೆಂದರೆ ಕಿಟಕಿಯನ್ನು ಪರಿಗಣಿಸಲು ಆದೇಶದಲ್ಲಿ ಅವಕಾಶವಿರಲಿಲ್ಲ. ಕಣ್ಣಿಗೆ ಕಂಡ ತಪ್ಪನ್ನು ಪತ್ರಿಕೆಯಲ್ಲಿ ಪ್ರಶ್ನೆಯಿಲ್ಲವೆಂದು ಬಿಟ್ಟುಬಿಡಬೇಕಾದ ಪರೀಕ್ಷಕರ ಸ್ಥಿತಿಯನ್ನು ನಾನು ಊಹಿಸಬಲ್ಲೆ.

ಕೊನೆಗೆ ಸರ್ಕಾರವೇ ಒಂದು ಅಧ್ಯಯನ ಮಾಡಿಸಿತು. 2020ರ ಜುಲೈನಲ್ಲಿ ಪ್ರಕಟವಾದ ಆ ವರದಿಯನ್ನು ಸಿದ್ಧಪಡಿಸಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಮತ್ತು ಲಿವರ್‌ಪೂಲ್ ವಿಶ್ವವಿದ್ಯಾಲಯದ ಸಂಶೋಧಕರು. ಕಟ್ಟಡವನ್ನು ಮನೆಯಾಗಿ ಬದಲಿಸುವಾಗ ಪೂರ್ಣ ಅನುಮತಿ ಪಡೆದ ಕಡೆ ರಾಷ್ಟ್ರೀಯ ಅಳತೆಯನ್ನು ಮುಟ್ಟಿದ ಮನೆಗಳು ಶೇ. 73.4. ಮುಂಗಡ ಅನುಮತಿಯಿಂದ ಆದ ಮನೆಗಳಲ್ಲಿ ಅವು ಶೇ. 22.1 ಮಾತ್ರ. ಒಂದೇ ಕಡೆ ಕಿಟಕಿಯಿರುವ ಮನೆಗಳು ಮೊದಲನೆಯ ಗುಂಪಿನಲ್ಲಿ ಶೇ. 29.6, ಎರಡನೆಯದರಲ್ಲಿ ಶೇ. 72. ಅದೇ ದೇಶ, ಅದೇ ಬಗೆಯ ಹಳೆಯ ಕಟ್ಟಡಗಳು. ವ್ಯತ್ಯಾಸವೆಂದರೆ ಒಂದು ಕಡೆ ಯಾರೋ ಒಬ್ಬರು ನಕ್ಷೆ ನೋಡಿ ಪ್ರಶ್ನೆ ಕೇಳಿದ್ದರು, ಇನ್ನೊಂದು ಕಡೆ ಕೇಳಿರಲಿಲ್ಲ.

ಆಮೇಲೆ ತಿದ್ದುಪಡಿಗಳು ಬಂದವು. 2020ರ ಆಗಸ್ಟ್ 1ರಿಂದ, ವಾಸಕ್ಕೆ ಬಳಸುವ ಪ್ರತಿಯೊಂದು ಕೋಣೆಗೂ ಸಾಕಷ್ಟು ಸಹಜ ಬೆಳಕು ಇರಬೇಕೆಂಬ ನಿಯಮ ಸೇರಿತು. 2021ರ ಏಪ್ರಿಲ್ 6ರಿಂದ, ಹೀಗೆ ಆಗುವ ಮನೆಗಳು 2015ರಲ್ಲಿ ಗೊತ್ತುಮಾಡಿದ ರಾಷ್ಟ್ರೀಯ ಅಳತೆಯನ್ನು ಪಾಲಿಸಬೇಕೆಂದಾಯಿತು. ಒಬ್ಬರೇ ಇರುವ ಅತಿ ಚಿಕ್ಕ ಮನೆಯಾದರೂ 37 ಚದರ ಮೀಟರ್ ಇರಬೇಕು, ಅಂದರೆ ಸುಮಾರು 400 ಚದರ ಅಡಿ. ನಮ್ಮ ಶಾಲೆಯ ಒಂದು ತರಗತಿ ಕೋಣೆಯಷ್ಟು, ನಮ್ಮವರು ಹೇಳುವ ಮೂವತ್ತು ನಲವತ್ತರ ಸೈಟಿನ ಮೂರನೆಯ ಒಂದು ಭಾಗ. ದೊಡ್ಡದೇನಲ್ಲ. ಆದರೆ ಅದಕ್ಕಿಂತ ಚಿಕ್ಕದು ಸಲ್ಲದು ಎಂದು ಹೇಳಲು ಒಂದು ಗೆರೆಯಾದರೂ ಸಿಕ್ಕಿತು.

ಇದೇ ಹೊತ್ತಿಗೆ ದಾರಿ ಇನ್ನಷ್ಟು ಅಗಲವಾಯಿತು ಎಂಬುದನ್ನೂ ಹೇಳಬೇಕು. 2020ರ ಸೆಪ್ಟೆಂಬರ್ 1ರಂದು ಅಂಗಡಿ, ಬ್ಯಾಂಕು, ಉಪಾಹಾರಗೃಹ, ಕಚೇರಿ, ವೈದ್ಯಶಾಲೆ, ಶಿಶುವಿಹಾರ, ವ್ಯಾಯಾಮಶಾಲೆ ಇವುಗಳನ್ನೆಲ್ಲ 'ಇ' ಎಂಬ ಒಂದೇ ವರ್ಗಕ್ಕೆ ಸೇರಿಸಿದರು. 2021ರ ಆಗಸ್ಟ್ 1ರಿಂದ 'ಎಂಎ' ಎಂಬ ಹೊಸ ಹಕ್ಕಿನಂತೆ ಆ ವರ್ಗದ ಕಟ್ಟಡಗಳು ಮನೆಯಾಗಬಹುದೆಂದಾಯಿತು. ಆಗ ಮಿತಿ 1,500 ಚದರ ಮೀಟರ್. ಕಟ್ಟಡ ಅದಕ್ಕೆ ಮೊದಲು ಎರಡು ವರ್ಷ ವ್ಯಾಪಾರದ ಬಳಕೆಯಲ್ಲಿದ್ದು ಮೂರು ತಿಂಗಳು ಖಾಲಿಯೂ ಇದ್ದಿರಬೇಕಿತ್ತು. 2024ರ ಮಾರ್ಚ್ 5ರಂದು ಆ 1,500ರ ಮಿತಿಯನ್ನೂ ಖಾಲಿಯಿರಬೇಕೆಂಬ ಷರತ್ತನ್ನೂ ತೆಗೆದುಹಾಕಿದರು. ಚಾರಿತ್ರಿಕ ಮಹತ್ವವಿರುವುದೆಂದು ಪಟ್ಟಿಗೆ ಸೇರಿದ ಕಟ್ಟಡಗಳಿಗೆ ಈ ಹಕ್ಕು ಅನ್ವಯಿಸುವುದಿಲ್ಲ. ಇವೆಲ್ಲ ಇಂಗ್ಲೆಂಡಿನ ನಿಯಮಗಳು. ಸ್ಕಾಟ್ಲೆಂಡ್, ವೇಲ್ಸ್‌ಗಳ ಕಾನೂನು ಬೇರೆ. 2015ರಿಂದೀಚೆಗೆ ಇಂಥ ಮುಂಗಡ ಅನುಮತಿಗಳಿಂದ ಇಂಗ್ಲೆಂಡಿನಲ್ಲಿ ಆದ ಮನೆಗಳು ಒಂದು ಲಕ್ಷಕ್ಕೂ ಹೆಚ್ಚು, ಅವುಗಳಲ್ಲಿ ಬಹುಪಾಲು ಹಿಂದಿನ ಕಚೇರಿಗಳು.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಮಗಳ ಮನೆಯ ಬೀದಿಯ ಮೂಲೆಯಲ್ಲಿಯೂ ಮನೆಯಾದ ಒಂದು ಅಂಗಡಿ ಇದೆ. ಅದರ ಮುಂದಿನ ಗಾಜನ್ನು ತೆಗೆದು, ಅರ್ಧ ಎತ್ತರಕ್ಕೆ ಗೋಡೆಯೆಬ್ಬಿಸಿ ಒಳ್ಳೆಯ ಕಿಟಕಿಯಿಟ್ಟಿದ್ದಾರೆ, ಹಿಂದಿನ ಕೋಣೆಯ ಚಾವಣಿಗೆ ಬೆಳಕಿಂಡಿ ಮಾಡಿಸಿದ್ದಾರೆ. ವೃದ್ಧ ದಂಪತಿಗಳು ಅಲ್ಲಿ ಸುಖವಾಗಿದ್ದಾರೆ. ಸಂಜೆ ಆ ಮೂಲೆಯಲ್ಲಿ ದೀಪ ಕಂಡರೆ ಬೀದಿಗೇ ಒಂದು ಕಳೆ. ಅಂಗಡಿ ಮನೆಯಾಗುವುದರಲ್ಲಿ ತಪ್ಪೇನೂ ಇಲ್ಲ. ನನ್ನ ಶಿಷ್ಯನೂ ಅಂದು, "ಈ ಮನೆ ಇಲ್ಲದಿದ್ದರೆ ಈ ಬಾಡಿಗೆಗೆ ಈ ಊರಲ್ಲಿ ನಮಗೆ ಬೇರೆ ಯಾವುದೂ ಸಿಗ್ತಿರಲಿಲ್ಲ ಸಾರ್. ಕೆಲಸಕ್ಕೆ ನಡೆದು ಹೋಗ್ತೀನಿ, ಮಗಳ ಸ್ಕೂಲು ಹತ್ತಿರ" ಎಂದ. ಆ ಮಾತನ್ನು ತಳ್ಳಿಹಾಕುವ ಅಧಿಕಾರ ನನಗಿಲ್ಲ. ಕಡಿಮೆ ಬಾಡಿಗೆಯ ಅಗತ್ಯವಿರುವವರೇ ಇಂಥ ಮನೆಗಳಿಗೆ ಬರುವವರು. ಅವರಿಗೆ ಆಯ್ಕೆ ಇಲ್ಲದಿರುವುದರಿಂದಲೇ ಅವರ ಪರವಾಗಿ ಕಾನೂನು ಪ್ರಶ್ನೆ ಕೇಳಬೇಕಾಗುತ್ತದೆ.

2020ರ ನಿಯಮ ಅವನ ಮನೆಗೆ ಅನ್ವಯಿಸುವುದಿಲ್ಲ. ಅದು ಮುಂದೆ ಆಗುವ ಮನೆಗಳಿಗೆ ಮಾತ್ರ. ಲೀಡ್ಸ್ ನಗರದ ಬೀದಿಗಳನ್ನು ನೆನಪಿಡಿ ಎಂದು ಹೇಳಿದ್ದು ಇದಕ್ಕೇ. ಒಮ್ಮೆ ಒಪ್ಪಿಗೆ ಪಡೆದದ್ದು ಹಾಗೆಯೇ ಉಳಿಯುತ್ತದೆ, ಆ ಆರೇಳು ವರ್ಷಗಳಲ್ಲಿ ಆದ ಕತ್ತಲೆಯ ಕೋಣೆಗಳಲ್ಲಿ ಮಕ್ಕಳು ಇನ್ನೂ ಬೆಳೆಯುತ್ತಿವೆ. ತಪ್ಪನ್ನು ತಿದ್ದಿದರು ಎಂದು ಚರಿತ್ರೆಯ ಪುಸ್ತಕ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತದೆ. ನಾನೂ ತರಗತಿಯಲ್ಲಿ ಹಾಗೆಯೇ ಹೇಳುತ್ತಿದ್ದೆ. 1909ರಲ್ಲಿ ಅಂಥ ಮನೆಗಳು ನಿಷೇಧವಾದವು ಎಂದು ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಆಗಲೇ ಕಟ್ಟಿದ್ದ ಮನೆಗಳಲ್ಲಿ ಇದ್ದವರು ಏನಾದರು ಎಂದು ನಿಮ್ಮಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದು ನನ್ನ ಪಾಠದ ಲೋಪ.

ಅಂದು ಹೊರಡುವ ಮುನ್ನ ಮಗುವಿನ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿಲ್ಲವೆಂಬುದು ನೆನಪಾಯಿತು. ಬೀದಿ ಬಾಗಿಲು ತೆರೆದು ನೋಡಿ, ಒಳಕ್ಕೆ ಹೋಗಿ, "ಮಳೆ ನಿಂತಿದೆ ಕಣಮ್ಮಾ, ಬಿಸಿಲು ಬಂದಿದೆ" ಎಂದೆ. ಮಗು ಬಣ್ಣದ ಕಡ್ಡಿಗಳನ್ನು ಅಲ್ಲಿಯೇ ಬಿಟ್ಟು, ಚಪ್ಪಲಿ ಹಾಕಿಕೊಂಡು ನನ್ನ ಜೊತೆ ಬಸ್ಸು ನಿಲ್ಲುವ ಜಾಗದವರೆಗೂ ಬಂತು.

ನಿಮ್ಮಲ್ಲಿ ಕೆಲವರು ಎಂಜಿನಿಯರುಗಳಾಗಿದ್ದೀರಿ, ಕೆಲವರು ನಗರಸಭೆಗಳಲ್ಲಿ, ಸರ್ಕಾರದ ಕಚೇರಿಗಳಲ್ಲಿ ಜವಾಬ್ದಾರಿಯ ಸ್ಥಾನದಲ್ಲಿದ್ದೀರಿ. ನಕ್ಷೆ ಮಂಜೂರು ಮಾಡುವ ನಮೂನೆಯನ್ನು ಸರಳಗೊಳಿಸುವ ಕೆಲಸ ಒಂದಲ್ಲ ಒಂದು ದಿನ ನಿಮ್ಮ ಮೇಜಿಗೂ ಬಂದೀತು. ಸರಳಗೊಳಿಸಿ, ಜನರಿಗೆ ಅದರಿಂದ ಉಪಕಾರವೇ. ಆದರೆ ಯಾವ ಪ್ರಶ್ನೆಯನ್ನು ತೆಗೆದುಹಾಕುತ್ತಿದ್ದೀರಿ ಎಂಬುದನ್ನು ಸಹಿ ಮಾಡುವ ಮುನ್ನ ಒಮ್ಮೆ ಓದಿ ನೋಡಿ ಎಂದು ನಿಮ್ಮ ಹಳೆಯ ಮೇಷ್ಟ್ರ ಕೋರಿಕೆ.

ಎಲ್ಲರಿಗೂ ಶುಭವಾಗಲಿ.